ಬಾಯಿಕುಕ್ಕೆ ಬಿಚ್ಚಿದ ರಾತ್ರಿ

ಫೆಬ್ರುವರಿ. ಮೊಲದ ಬೇಟೆ ಮುಗಿದ ಮೇಲೆ
ಅಲ್ಬಾಸೇಟೆಯ ಹೊರದಾರಿಗಳಲ್ಲಿ
ನಾಯಿಗಳು ಮೊಳೆಯುತ್ತವೆ,
ಯಾರೂ ಬಿತ್ತಲೇ ಇಲ್ಲ ಎಂಬ ಹಾಗೆ.

ಇದೋಯಾ ಹೇಳಿದಳು: ಪೆಟ್ರೋಲ್ ಬಂಕಿನ ಹಿಂದೆ ಸಿಕ್ಕಿದ್ದು ಇದು.
ಹಚ್ಚೆಯಿದ್ದ ಕಿವಿಯ ತುಂಡು ಕೊಯ್ದಿದ್ದಾರೆ,
ಕತ್ತಿನ ಸುತ್ತ ಹಗ್ಗದ ಉಂಗುರ, ನಾಲ್ಕು ವರ್ಷವಿರಬಹುದು.
ಬೆಕ್ಕಿನ ವಿಷಯಕ್ಕೆ ಮಾತ್ರ ನಾನು ಆಣೆ ಇಡಲಾರೆ.

ಬಿಳಿ ಮೈ. ತೀಸಾ ಎಂದು ಹೆಸರಿಟ್ಟೆ,
ನಮ್ಮ ಮಾತಿನಲ್ಲಿ ಸೀಮೆಸುಣ್ಣ.
ಮುಟ್ಟಿದರೆ ಪುಡಿಯಾಗುವಂತಿತ್ತು.

ಮೂರನೆಯ ಮಹಡಿ. ಮೆಟ್ಟಿಲೆಂದರೇನೆಂದೇ ಅದಕ್ಕೆ ಗೊತ್ತಿಲ್ಲ.
ಐವತ್ತೆರಡನ್ನೂ ಎತ್ತಿಕೊಂಡು ಹತ್ತಿದೆ.
ನಾಲ್ಕು ಕಾಲು ಮುರಿದ ಕೊಡೆಯ ಕಡ್ಡಿಗಳ ಹಾಗೆ
ನನ್ನ ಕಂಕುಳಲ್ಲಿ ಜೋತುಬಿದ್ದಿದ್ದವು.
ಎರಡನೆಯ ಮಹಡಿಯ ಮುದುಕಿ ಬಾಗಿಲು ತೆರೆದು
"ಕುರಿಯಾ?" ಎಂದಳು.

ಮನೆಯಲ್ಲಿ ಮೊದಲೇ ಇಬ್ಬರು ಒಡೆಯರು.
ಲೆಂತೆಹಾ: ಮಸೂರಬೇಳೆ ಬಣ್ಣ, ಹದಿಮೂರು ವರ್ಷ,
ಕೆಲಸ ಮಾಡುವ ಮೂತ್ರಪಿಂಡ ಒಂದೇ.
ಕುರ್ರೊ: ಮೀಸೆ ಇನ್ನೂ ಬಲಿಯದ ಪುಂಡ.
ಕುರ್ರೊ ಫ್ರಿಜ್ಜಿನ ನೆತ್ತಿಗೇರಿ
ಬಾಲವನ್ನು ಸೀಸೆ ತೊಳೆಯುವ ಬ್ರಷ್ಷು ಮಾಡಿಕೊಂಡ.
ಲೆಂತೆಹಾ ಏರಲಿಲ್ಲ. ಅಲ್ಲೇ ಕೂತು
ಬಾಡಿಗೆ ಬಾಕಿ ಇಟ್ಟವರನ್ನು ನೋಡುವಂತೆ ನೋಡಿದಳು.

ಮೊದಲ ವಾರ ಮನೆಯನ್ನು ಎರಡು ದೇಶ ಮಾಡಿದೆ,
ನಡುವೆ ಅಂಬೆಗಾಲಿನ ಮಕ್ಕಳಿಗೆಂದು ಮಾಡಿದ ಗೇಟು.
ಬೆಕ್ಕುಗಳ ಟವೆಲ್ಲು ನಾಯಿಯ ಕೆಳಗೆ,
ನಾಯಿಯ ಕಂಬಳಿ ಬೆಕ್ಕುಗಳ ಬುಟ್ಟಿಗೆ.
ವಾಸನೆಗಳು ಮೊದಲು ಮಾತಾಡಿಕೊಳ್ಳಲಿ,
ಹಲ್ಲುಗಳ ಸರದಿ ಆಮೇಲೆ.

ಬೊಗಳಿದ್ದರೆ ನನಗೆ ಭಯವಿರಲಿಲ್ಲ. ಬೊಗಳಲೇ ಇಲ್ಲ.
ಗೇಟಿನಾಚೆ ಕುರ್ರೊ ಓಡಿದನೆಂದರೆ
ಮೈಯೆಲ್ಲ ಒಂದೇ ಗೆರೆಯಾಗಿ ನಿಲ್ಲುತ್ತಿತ್ತು,
ಉಸಿರಿಲ್ಲ, ರೆಪ್ಪೆ ಅಲುಗುವುದಿಲ್ಲ.
ನಾನು ಚಾಕುಗಳಿಗೆ ಸಾಣೆ ಹಿಡಿಯುವವಳು;
ಅಂಚು ಕೂಡಿಬರುವ ಗಳಿಗೆ ನನಗೆ ಗೊತ್ತು.
ಅಲ್ಲಿ ಸದ್ದು ನಿಲ್ಲುತ್ತದೆ.

ಭಾನುವಾರ ಅಪ್ಪ ಬಂದ.
ಅವನ ಬೂಟು ಹೊಸ್ತಿಲಲ್ಲಿ ಕಂಡದ್ದೇ ತಡ
ತೀಸಾ ಮೇಜಿನಡಿ ನುಗ್ಗಿ ಉಚ್ಚೆ ಹೊಯ್ದಿತು.
ಅಪ್ಪ ಬೂಟು ಬಿಚ್ಚಿಟ್ಟ, ಮೊಣಕಾಲೂರಿದ,
ಕತ್ತಿನ ಉಂಗುರವನ್ನು ಬಹಳ ಹೊತ್ತು ನೋಡಿದ.
"ಒಳ್ಳೆಯ ಎದೆ. ಚೆನ್ನಾಗಿ ಓಡಿರುತ್ತೆ ಅದು."
"ಅವಳು," ಎಂದೆ ನಾನು.

ನನಗೆ ಏಳು ವರ್ಷವಿದ್ದಾಗ ನಮ್ಮಲ್ಲೂ ಇದ್ದವು, ಆರು.
ಬೇಟೆ ಮುಗಿದ ಮೇಲೆ ಮೂರು.
ಉಳಿದವು ಎಲ್ಲಿ ಎಂದರೆ ಪೈನ್ ತೋಪಿಗೆ ಹೋದವು ಎನ್ನುತ್ತಿದ್ದ ಅಪ್ಪ.
ಆ ತೋಪಿನಲ್ಲಿ ನಾಯಿಗಳದೇ ಒಂದು ಊರಿದೆಯೆಂದು
ಎಷ್ಟೋ ದಿನ ನಂಬಿದ್ದೆ,
ಅದಕ್ಕೊಂದು ಶಾಲೆಯನ್ನೂ ಕಟ್ಟಿದ್ದೆ.
ಈಗ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ನೆಲ ಒರೆಸುವ ಬಟ್ಟೆ ಎಲ್ಲಿ ಎಂದ.
ತಾನೇ ಒರೆಸಿದ. ಒಣಗಿದ ಮೇಲೂ ಒರೆಸಿದ.

ಇದು ಮೇ. ಈ ರಾತ್ರಿ ಬಾಯಿಕುಕ್ಕೆ ಬಿಚ್ಚಿದ್ದೇನೆ.
ಇಷ್ಟು ದಿನ ಕಣ ತುಳಿಯುವ ಎತ್ತಿನ ಹಾಗೆ
ಎದುರಿಗಿದ್ದದ್ದನ್ನು ಮೂಸುವುದಷ್ಟೇ ಅವಳ ಪಾಲಾಗಿತ್ತು.
ಬಾರು ನನ್ನ ಮುಷ್ಟಿಗೆ ಎರಡು ಸುತ್ತು,
ಇನ್ನೊಂದು ಮುಷ್ಟಿಯಲ್ಲಿ ಬೇಯಿಸಿದ ಕೋಳಿಯ ಚೂರು.
ಪಡಸಾಲೆಯ ಆ ತುದಿಯಿಂದ ಲೆಂತೆಹಾ ಹೊರಟಳು.
ನೀರಿನ ಬಟ್ಟಲು ಈ ತುದಿಗೆ.
ಬಾಯಾರಿಕೆಗೆ ನಾಯಿಯ ಹಂಗಿಲ್ಲ.

ಮೈ ಗೆರೆಯಾಯಿತು.
ಬಾರು ಬಿಗಿಯಲಿಲ್ಲ, ಅದೇ ಹೆದರಿಕೆ.
ಸದ್ದು ನಿಂತಿತು.
ಆಮೇಲೆ, ನಾನು ಕರೆಯಲಿಲ್ಲ, ಕೋಳಿ ತೋರಿಸಲಿಲ್ಲ,
ತೀಸಾ ಮುಖ ತಿರುಗಿಸಿದಳು
ಗೋಡೆಯ ಕಡೆಗೆ. ಬರೀ ಗೋಡೆ.
ಯಾರೋ ಬಟ್ಟೆ ಬದಲಿಸುವಾಗ ನಾವು ನೋಡುತ್ತೇವಲ್ಲ,
ಅಷ್ಟು ಶ್ರದ್ಧೆಯಿಂದ ಸುಣ್ಣವನ್ನೇ ನೋಡಿದಳು,
ತುಟಿ ನೆಕ್ಕಿದಳು, ಆಕಳಿಸಿದಳು.

ಬೆಕ್ಕು ಅಡ್ಡ ಹಾಯಿತು.
ಕೆಟ್ಟದ್ದೇನೂ ಆಗಲಿಲ್ಲ.

ನೀರು ನೆಕ್ಕುವ ಸದ್ದು ಮಾತ್ರ, ಬಹಳ ಹೊತ್ತು.
ಫ್ರಿಜ್ಜಿನ ಮೇಲೆ ಕುರ್ರೊ ಇನ್ನೂ ಒಪ್ಪಿಲ್ಲ.
ಗೇಟು ನಾಳೆಯೂ ಇರುತ್ತದೆ.
ಮುಷ್ಟಿ ಬಿಚ್ಚಿ ನೋಡಿದರೆ ಒಂದರಲ್ಲಿ ಕೋಳಿ ಹಿಟ್ಟಾಗಿದೆ,
ಇನ್ನೊಂದರ ಸುತ್ತ ಬಾರು ಒತ್ತಿದ ಕೆಂಪು ಉಂಗುರ.
ಎರಡೂ ಕೈ ಚಾಚಿದೆ.
ಅವಳು ಎರಡನ್ನೂ ನೆಕ್ಕಿದಳು.